ಸ್ನಾಪ್‌ಡ್ರ್ಯಾಗನ್ ಲ್ಯಾಪ್‌ಟಾಪೋ, ಹಳೆ ಇಂಟೆಲ್ ಮ್ಯಾಕೋ, ಇಲ್ಲ ಕಾಯಬೇಕೋ?

ಪ್ರಶ್ನೆ: ನಮಸ್ಕಾರ. ನಾನು ಸಾಗರದವನು, ಅಡಿಕೆ ವ್ಯಾಪಾರ. ಮಗಳಿಗೆ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. 80 ಸಾವಿರದೊಳಗೆ ಒಂದು ಲ್ಯಾಪ್‌ಟಾಪ್ ಬೇಕು. ಅಂಗಡಿಯಲ್ಲಿ ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್ ತೋರಿಸಿ, "ಇನ್ಮುಂದೆ ಎಲ್ಲಾ ಆರ್ಮ್, ಇಂಟೆಲ್ ಕಾಲ ಮುಗೀತು" ಅಂದರು. ಅಮೆರಿಕದಲ್ಲಿರುವ ನನ್ನ ಭಾವಮೈದ ತನ್ನ 2019ರ 16 ಇಂಚಿನ ಇಂಟೆಲ್ ಮ್ಯಾಕ್‌ಬುಕ್ ಪ್ರೊ ಸೊಸೆಗೆ ಕೊಡುತ್ತೇನೆ ಅನ್ನುತ್ತಾನೆ. ಗೆಳೆಯರೊಬ್ಬರು ಒಂದು ವರ್ಷ ಕಾಯಿರಿ ಅನ್ನುತ್ತಾರೆ. ಮಗಳು ರಜೆಗೆ ಬಂದಾಗ ನನ್ನ ಜಿಎಸ್‌ಟಿ ಕೆಲಸ, ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಪತ್ರ ಬರೆಯುವುದು ಎಲ್ಲ ಇದರಲ್ಲೇ ಆಗಬೇಕು. ಡಿಜಿಟಲ್ ಸಹಿಗೆ ಪೆನ್‌ಡ್ರೈವ್‌ನಂಥ ಯುಎಸ್‌ಬಿ ಟೋಕನ್ ಬಳಸುತ್ತೇನೆ. ಏನು ಮಾಡಲಿ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮಗಳಿಗೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಿ. ಸ್ನಾಪ್‌ಡ್ರ್ಯಾಗನ್ ಬೇಡ. ಅದು ಕೆಟ್ಟ ಯಂತ್ರ ಅಂತಲ್ಲ, ಅವಳ ಓದಿಗೆ ಹೊಂದುವುದಿಲ್ಲ. ಭಾವಮೈದ ಮ್ಯಾಕ್ ಕೊಟ್ಟರೆ ತೆಗೆದುಕೊಳ್ಳಿ, ಮನೆಯಲ್ಲಿ ಇರಲಿ. ಆದರೆ ಅವಳ ಮುಖ್ಯ ಯಂತ್ರ ಅದಾಗುವುದು ಬೇಡ. ಕಾಯುವುದಂತೂ ಬೇಡವೇ ಬೇಡ. ತರಗತಿ ಶುರುವಾಗುವ ಹೊತ್ತಿಗೆ ಕೈಯಲ್ಲಿ ಕಂಪ್ಯೂಟರ್ ಇರಬೇಕು.

ಅಂಗಡಿಯವರು, ಭಾವಮೈದ, ಗೆಳೆಯರು ಮೂವರೂ ತಮಗೆ ತಿಳಿದದ್ದನ್ನು ಹೇಳಿದ್ದಾರೆ. ಆದರೆ ಮಾತು ಸುತ್ತುತ್ತಿರುವುದು ಮುಂದೆ ಯಾವ ಪ್ರೊಸೆಸರ್ ಗೆಲ್ಲುತ್ತದೆ ಅನ್ನುವುದರ ಸುತ್ತ. ಕೊಳ್ಳುವವರಿಗೆ ಅದು ಬೇಕಿಲ್ಲ. ಮಗಳು ಬಳಸಲೇಬೇಕಾದ ಸಾಫ್ಟ್‌ವೇರ್‌ಗಳಲ್ಲಿ ಅತಿ ಹಠಮಾರಿ ಯಾವುದು? ಅದೊಂದನ್ನು ಹುಡುಕಿದರೆ ಸಾಕು. ಉಳಿದ 20 ಸಾಫ್ಟ್‌ವೇರ್‌ಗಳು ಎಲ್ಲಿ ಬೇಕಾದರೂ ಓಡುತ್ತವೆ. ಆ ಹಠಮಾರಿ ಓಡುವ ಯಂತ್ರವನ್ನೇ ಕೊಳ್ಳಬೇಕು.

ಅಂಗಡಿಯಲ್ಲಿ ಯಾರಾದರೂ ಗೊಂದಲ ಮಾಡಿದರೆ ನೀವೇ ಅಳೆದು ನೋಡುವಂತಿರಲಿ ಅಂತ ಸ್ವಲ್ಪ ಒಳಗಿನ ವಿಷಯ ಹೇಳುತ್ತೇನೆ.

ಪ್ರತಿ ಪ್ರೊಸೆಸರ್‌ಗೂ ತನಗೆ ಅರ್ಥವಾಗುವ ಅಪ್ಪಣೆಗಳ ಒಂದು ಪಟ್ಟಿ ಇರುತ್ತದೆ. ಈ ಎರಡು ಅಂಕಿ ಕೂಡಿಸು, ಮೆಮೊರಿಯ ಆ ಜಾಗದಲ್ಲಿರುವುದನ್ನು ತಾ, ಅಷ್ಟು ಚಿಕ್ಕ ಚಿಕ್ಕ ಅಪ್ಪಣೆಗಳು. ಇಂಟೆಲ್ ಮತ್ತು ಎಎಂಡಿ ಎರಡಕ್ಕೂ ತಿಳಿಯುವ ಪಟ್ಟಿಗೆ ಎಕ್ಸ್86 ಅಂತ ಹೆಸರು. 1978ರ 8086 ಚಿಪ್‌ನಿಂದ ಬಂದ ವಂಶ ಅದು. ಆರ್ಮ್ ಬೇರೆಯೇ ವಂಶ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಎಂಬ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಇದನ್ನು ರೂಪಿಸಿದರು. 1985ರಲ್ಲಿ ಮೊದಲ ಚಿಪ್ ಕೆಲಸ ಮಾಡಿತು. ಕಡಿಮೆ ಕರೆಂಟಿನಲ್ಲಿ ಜಾಸ್ತಿ ಕೆಲಸ ಮಾಡುವುದು ಅದರ ಗುಣ. ನಿಮ್ಮ ಜೇಬಿನ ಫೋನಿನಲ್ಲಿ ಇರುವುದು ಅದೇ. ಈಗ ಲ್ಯಾಪ್‌ಟಾಪ್‌ಗೂ ಬಂದಿದೆ. ಆಪಲ್‌ನ ಎಂ1, ಎಂ2, ಎಂ3, ಎಂ4 ಎಲ್ಲ ಆರ್ಮ್. ಕ್ವಾಲ್‌ಕಾಮ್‌ನ ಸ್ನಾಪ್‌ಡ್ರ್ಯಾಗನ್ ಎಕ್ಸ್ ಕೂಡ ಆರ್ಮ್.

ಒಂದು ಪಟ್ಟಿಗೆ ಬರೆದ ಸಾಫ್ಟ್‌ವೇರ್ ಇನ್ನೊಂದಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಮನೆಗೆ ಬಂದ ಅಡುಗೆಯವರಿಗೆ ಕನ್ನಡ ಮಾತ್ರ ಗೊತ್ತು, ನಿಮ್ಮ ಹತ್ತಿರ ಇರುವ ಅಡುಗೆ ಪುಸ್ತಕ ತಮಿಳಿನದು ಅಂದುಕೊಳ್ಳಿ. ಎರಡೂ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಿದರೆ ಅಡುಗೆ ಆಗುತ್ತದೆ. ಮೊದಲ ಸಲ ನಿಧಾನ. ಹೇಳಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲ ಬೇಗ. ಆಪಲ್‌ನ ರೊಸೆಟ್ಟಾ 2, ಮೈಕ್ರೋಸಾಫ್ಟ್‌ನ ಪ್ರಿಸಂ ಮಾಡುವುದು ಇದೇ ಕೆಲಸ. ಹಳೆ ಎಕ್ಸ್86 ಸಾಫ್ಟ್‌ವೇರನ್ನು ಆರ್ಮ್ ಭಾಷೆಗೆ ತಿರುಗಿಸಿ ಓಡಿಸುತ್ತವೆ. ಚೆನ್ನಾಗಿಯೇ ಮಾಡುತ್ತವೆ. ಇದರಲ್ಲಿ ಆಪಲ್ ಒಂದು ಜಾಣ ಕೆಲಸ ಮಾಡಿತ್ತು. ಎಕ್ಸ್86 ಪ್ರೊಸೆಸರ್ ಮೆಮೊರಿಗೆ ಬರೆಯುವಾಗ ಯಾವ ಕ್ರಮ ಪಾಲಿಸುತ್ತದೋ ಅದೇ ಕ್ರಮವನ್ನು ಪಾಲಿಸುವ ಒಂದು ವ್ಯವಸ್ಥೆಯನ್ನು ಎಂ1 ಚಿಪ್‌ನೊಳಗೇ ಇಟ್ಟಿತು. ಅನುವಾದ ವೇಗವಾಗಿ ಓಡಲು ಅದೊಂದು ಮುಖ್ಯ ಕಾರಣ. ಎಲೆಕ್ಟ್ರಾನಿಕ್ಸ್ ಓದುವ ಮಗಳಿಗೆ ಇದನ್ನು ಹೇಳಿ, ಮೂರನೇ ವರ್ಷದಲ್ಲಿ ನೆನಪಾಗುತ್ತದೆ.

ಆದರೆ ಕೆಲವು ಕೆಲಸಕ್ಕೆ ಪಕ್ಕದಲ್ಲಿ ಕೂತು ಓದಿ ಹೇಳುವವರಿಗೆ ಜಾಗವೇ ಇಲ್ಲ. ಒಲೆಗೆ ಗ್ಯಾಸ್ ಜೋಡಿಸುವವರು ಕೈಯಿಟ್ಟು ತಾವೇ ಮಾಡಬೇಕು. ಕಂಪ್ಯೂಟರಿನಲ್ಲಿ ಆ ಕೆಲಸ ಡ್ರೈವರ್‌ಗಳದ್ದು. ಪ್ರಿಂಟರ್, ಸ್ಕ್ಯಾನರ್, ಯುಎಸ್‌ಬಿ ಟೋಕನ್, ಲ್ಯಾಬಿನ ಬೋರ್ಡ್ ಇವನ್ನೆಲ್ಲ ಮಾತಾಡಿಸುವ ಪುಟ್ಟ ಸಾಫ್ಟ್‌ವೇರ್‌ಗಳು ಅವು. ಅವು ಆಪರೇಟಿಂಗ್ ಸಿಸ್ಟಮ್‌ನ ತೀರಾ ಒಳಗೆ ಕೂತು ಓಡುತ್ತವೆ. ಅಲ್ಲಿಗೆ ಪ್ರಿಸಂ ಹೋಗುವುದಿಲ್ಲ. ಆರ್ಮ್ ವಿಂಡೋಸ್‌ಗೆ ಅಂತಲೇ ಮಾಡಿದ ಡ್ರೈವರ್ ಇರಬೇಕು, ಇಲ್ಲದಿದ್ದರೆ ಆ ಸಾಧನ ಕೆಲಸ ಮಾಡುವುದಿಲ್ಲ. ನಿಧಾನವಾಗಿ ಮಾಡುತ್ತದೆ ಅಂತಲ್ಲ, ಮಾಡುವುದೇ ಇಲ್ಲ.

ಇದನ್ನು ನಾನು ಪಾಠವಾಗಿ ಕಲಿತದ್ದಲ್ಲ, ಅನುಭವಿಸಿ ಕಲಿತದ್ದು. ಸುಮಾರು 15 ವರ್ಷದ ಹಿಂದೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. 30 ಹೊಸ ಕಂಪ್ಯೂಟರ್ ಬಂದವು. ಎಲ್ಲದರಲ್ಲೂ 64 ಬಿಟ್ ವಿಂಡೋಸ್ 7. ಬಿಟ್ ಅಂದರೆ ಪ್ರೊಸೆಸರ್ ಒಂದು ಸಲಕ್ಕೆ ಹಿಡಿಯುವ ಅಂಕಿಯ ಉದ್ದದ ಅಳತೆ. ಆಗ ನಡೆಯುತ್ತಿದ್ದದ್ದು 32 ಬಿಟ್‌ನಿಂದ 64 ಬಿಟ್‌ಗೆ ದಾಟುವ ಕಾಲ. ಮೊದಲ ದಿನವೇ, ಮಕ್ಕಳು ಸಿ ಪ್ರೋಗ್ರಾಮ್ ಬರೆಯುವ ಟರ್ಬೊ ಸಿ ತೆರೆಯಲಿಲ್ಲ. ಅದು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ 16 ಬಿಟ್ ಪ್ರೋಗ್ರಾಮ್, 64 ಬಿಟ್ ವಿಂಡೋಸ್ ಅದನ್ನು ಓಡಿಸುವುದಿಲ್ಲ. ಇದಕ್ಕೆ ದಾರಿ ಇತ್ತು. ಹಳೆ ಡಾಸ್ ಪ್ರೋಗ್ರಾಮ್‌ಗಳನ್ನು ಓಡಿಸುವ ಡಾಸ್‌ಬಾಕ್ಸ್ ಹಾಕಿದೆವು, ಮಧ್ಯಾಹ್ನದೊಳಗೆ 30ರಲ್ಲೂ ಟರ್ಬೊ ಸಿ ಓಡಿತು. ಆದರೆ ಸ್ಟೆಪ್ಪರ್ ಮೋಟರ್ ತಿರುಗಿಸಲು ಬಳಸುತ್ತಿದ್ದ ಇಂಟರ್‌ಫೇಸ್ ಕಾರ್ಡ್‌ಗೆ ಇದ್ದದ್ದು 32 ಬಿಟ್ ಡ್ರೈವರ್ ಒಂದೇ. ಡಾಸ್‌ಬಾಕ್ಸ್ ಅಲ್ಲಿಗೆ ಎಟುಕಲಿಲ್ಲ. ಕಾರ್ಡ್ ಮಾರಿದವರು ಹೊಸ ಡ್ರೈವರ್ ಕಳಿಸುತ್ತೇವೆ ಅಂದರು, ಕಳಿಸಲಿಲ್ಲ. ಪರೀಕ್ಷೆ ಹತ್ತಿರ ಬಂತು. ಕೊನೆಗೆ ಸ್ಟೋರ್ ರೂಮಿಗೆ ಹಾಕಿದ್ದ ಹಳೆ ಕಂಪ್ಯೂಟರ್‌ಗಳಲ್ಲಿ ಆರನ್ನು ಒರೆಸಿ ತಂದು ಮೂಲೆಯಲ್ಲಿ ಇಟ್ಟೆವು. ಆ ವರ್ಷದ ಪ್ರಾಯೋಗಿಕ ಪರೀಕ್ಷೆ ಆ ಆರರ ಮೇಲೆಯೇ ನಡೆಯಿತು. ಮಕ್ಕಳು ಕಾರಿಡಾರಿನಲ್ಲಿ ಸರದಿ ಕಾದರು. ಹೊಸ 30 ಯಂತ್ರಗಳು ಪಕ್ಕದಲ್ಲಿ ಸುಮ್ನೆ ಕೂತಿದ್ದವು. ಅವತ್ತಿನಿಂದ ಯಾರು ಕಂಪ್ಯೂಟರ್ ಬಗ್ಗೆ ಕೇಳಿದರೂ ನಾನು ಮೊದಲು ಕೇಳುವುದು, ಅದಕ್ಕೆ ಏನೇನು ಚುಚ್ಚುತ್ತೀರಿ ಅಂತ.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಕಂಪ್ಯೂಟರಿಗೆ ಚುಚ್ಚುವಷ್ಟು ವಸ್ತುಗಳನ್ನು ಬೇರೆ ವಿಭಾಗದವರು ಚುಚ್ಚುವುದಿಲ್ಲ. ಮೊದಲ ವರ್ಷ ಅಷ್ಟೇನೂ ಇರುವುದಿಲ್ಲ. ಬರೆಯುವುದು, ಪಿಪಿಟಿ, ಸ್ವಲ್ಪ ಸಿ, ಪೈಥಾನ್. ಅದಕ್ಕೆ ಯಾವ ಲ್ಯಾಪ್‌ಟಾಪ್ ಆದರೂ ಸರಿ. ಎರಡನೇ ವರ್ಷದಿಂದ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್ ಬರುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಈಗಲೂ 8051 ಎಂಬ ಹಳೆ ಮೈಕ್ರೋಕಂಟ್ರೋಲರ್ ಕಲಿಸುವುದು ಕೈಲ್ ಸಾಫ್ಟ್‌ವೇರ್‌ನಲ್ಲಿ. ಬರೆದ ಪ್ರೋಗ್ರಾಮನ್ನು ಬೋರ್ಡ್‌ಗೆ ಇಳಿಸಲು ಒಂದು ಕೇಬಲ್, ಆ ಕೇಬಲ್‌ಗೆ ಒಂದು ಡ್ರೈವರ್. ಆಮೇಲೆ ಸರ್ಕ್ಯೂಟನ್ನು ಬರೆದು ಹೇಳುವ ವೆರಿಲಾಗ್ ಭಾಷೆ ಬರುತ್ತದೆ, ಆ ಸರ್ಕ್ಯೂಟನ್ನು ಚಿಪ್‌ನೊಳಗೆ ಮೂಡಿಸುವ ಎಫ್‌ಪಿಜಿಎ ಬೋರ್ಡ್ ಬರುತ್ತದೆ, ಅದರ ಜೊತೆಗೆ ಈ ಕೆಲಸ ಮಾಡಿಕೊಡುವ ವಿವಾಡೊ. ನಿಮ್ಮ ಮನೆಯ ಹಠಮಾರಿ ಇದೇ. ಹಿಂದೆ ಕ್ಸೈಲಿಂಕ್ಸ್ ಕಂಪನಿಯದಾಗಿದ್ದು 2022ರಿಂದ ಎಎಂಡಿ ಕೈಗೆ ಬಂದ ಸಾಫ್ಟ್‌ವೇರ್. ಎಕ್ಸ್86 ವಿಂಡೋಸ್ ಮತ್ತು ಲಿನಕ್ಸ್‌ಗೆ ಮಾತ್ರ ಸಿಗುತ್ತದೆ. ಮ್ಯಾಕ್‌ಗೆ ಇಲ್ಲ, ಆರ್ಮ್ ವಿಂಡೋಸ್‌ಗೂ ಇಲ್ಲ. ಹತ್ತಾರು ಜಿಬಿ ಜಾಗ ತಿನ್ನುತ್ತದೆ, ಮಾಮೂಲಿ ಯಂತ್ರದಲ್ಲೇ ಒಂದು ಡಿಸೈನ್ ಮುಗಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಹೇಗೋ ಅನುವಾದದಲ್ಲಿ ತೆರೆದರೂ ಬೋರ್ಡ್‌ಗೆ ಇಳಿಸುವ ಕೇಬಲ್‌ನ ಹತ್ತಿರ ಮತ್ತೆ ಡ್ರೈವರ್ ಪ್ರಶ್ನೆ.

ಕಾಲೇಜಿನಲ್ಲಿ ಲ್ಯಾಬ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ವಾರಕ್ಕೆ ಎರಡು ಮೂರು ಗಂಟೆ. ಆದರೆ ಈ ವಿದ್ಯೆ ಕೈಗೆ ಹತ್ತುವುದು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಒಂದು ಎಲ್‌ಇಡಿ ಯಾಕೆ ಮಿನುಗುತ್ತಿಲ್ಲ ಅಂತ ತಲೆ ಕೆರೆದುಕೊಂಡಾಗ. ಅವಳಿಗೆ ಆ ಅವಕಾಶ ತಪ್ಪಬಾರದು. ಲ್ಯಾಪ್‌ಟಾಪ್ ತನ್ನ ಕಡೆಯಿಂದ ಇನ್ನೊಂದು ತೊಡಕು ಸೇರಿಸಿದರೆ, ತಪ್ಪು ತನ್ನ ಪ್ರೋಗ್ರಾಮ್‌ನಲ್ಲಿದೆಯೋ ಯಂತ್ರದಲ್ಲಿದೆಯೋ ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಕಲಿಯುವ ಹುಮ್ಮಸ್ಸು ಅಲ್ಲೇ ಸೋರಿಹೋಗುತ್ತದೆ. ಹಾಗೆ ಆದ ಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಕೂಡ ಒಂದು ಕಾರಣ. ಎಲೆಕ್ಟ್ರಾನಿಕ್ಸ್‌ನವರು ಒಂದಲ್ಲ ಒಂದು ದಿನ ಅದರ ಉಬುಂಟು ಎಂಬ ರೂಪ ಹಾಕಿಕೊಳ್ಳುತ್ತಾರೆ. ಎಕ್ಸ್86 ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ಚುಚ್ಚಿದರೆ ಅರ್ಧ ಗಂಟೆಯ ಕೆಲಸ. ಸ್ನಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳಲ್ಲಿ ಒಂದೊಂದು ಮಾದರಿಗೂ ಬೇರೆ ಬೇರೆಯಾಗಿ ಕೆಲಸ ಆಗಬೇಕು. ಲಿನಕ್ಸ್ ಲ್ಯಾಪ್‌ಟಾಪ್‌ಗಳನ್ನೇ ಮಾರುವ ಜರ್ಮನಿಯ ಟುಕ್ಸೆಡೊ ಕಂಪನಿ ಸ್ನಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್ ತರಲು ಹೊರಟು, 2025ರ ನವೆಂಬರ್‌ನಲ್ಲಿ ಆ ಪ್ರಯತ್ನ ಕೈಬಿಟ್ಟಿತು. ಅದೇ ಕೆಲಸವಾಗಿ ಕೂತವರಿಗೇ ಕಷ್ಟವಾದರೆ ಮೊದಲ ವರ್ಷದ ಹುಡುಗಿಗೆ ಹೇಗೆ ಸುಲಭವಾಗುತ್ತದೆ?

ನಿಮ್ಮ ಸ್ವಂತ ಕೆಲಸದಲ್ಲೂ ಎರಡು ಹಠಮಾರಿಗಳಿವೆ. ಒಂದು ಡಿಜಿಟಲ್ ಸಹಿಯ ಟೋಕನ್. ಜಿಎಸ್‌ಟಿ ಪೋರ್ಟಲ್ ಬ್ರೌಸರ್‌ನಲ್ಲಿ ತೆರೆಯುತ್ತದೆ, ಅದಕ್ಕೆ ಯಾವ ಪ್ರೊಸೆಸರ್ ಆದರೂ ಆದೀತು. ಸಹಿ ಹಾಕುವಾಗ ಮಾತ್ರ ಟೋಕನ್‌ನ ಸಾಫ್ಟ್‌ವೇರ್ ಮತ್ತು ಡ್ರೈವರ್ ಬೇಕು. ಇನ್ನೊಂದು ಕನ್ನಡ ಟೈಪಿಂಗ್. ಇದರ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫಾಂಟ್‌ಗೂ ಪ್ರೊಸೆಸರ್‌ಗೂ ಸಂಬಂಧವಿಲ್ಲ. ನುಡಿ ಫಾಂಟ್‌ನಲ್ಲಿರುವ ನಿಮ್ಮ ಹಳೆ ಪತ್ರಗಳು ಫಾಂಟ್ ಇದ್ದರೆ ಎಲ್ಲಾದರೂ ತೆರೆಯುತ್ತವೆ. ಆದರೆ ನೀವು ಒತ್ತುವ ಕೀಲಿಯನ್ನು ನಡುವೆ ಹಿಡಿದು ಅಕ್ಷರ ಮಾಡಿಕೊಡುವ ಸಾಫ್ಟ್‌ವೇರ್ ಬೇರೆ ಎಲ್ಲ ಪ್ರೋಗ್ರಾಮ್‌ಗಳೊಳಗೆ ಕೈಯಾಡಿಸಬೇಕಾಗುತ್ತದೆ. ಆರ್ಮ್‌ಗೆಂದೇ ಮಾಡಿದ ವರ್ಡ್‌ನೊಳಗೆ ಎಕ್ಸ್86 ಕೀಲಿಮಣೆ ಸಾಫ್ಟ್‌ವೇರ್ ಸರಿಯಾಗಿ ಸೇರಿಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ಇಂಥ ಸಾಫ್ಟ್‌ವೇರ್‌ಗಳನ್ನು ಆರ್ಮ್‌ಗೆಂದೇ ತಯಾರಿಸಬೇಕು ಅಂತ ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಒಂದೇ ಆದ ಯೂನಿಕೋಡ್ ಅಕ್ಷರಗಳಲ್ಲಿ ಬರೆಯುವವರಿಗೆ ಈ ತೊಂದರೆ ಇಲ್ಲ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ, 2019ರಿಂದ ಉಚ್ಚಾರಣೆಯಂತೆ ಟೈಪ್ ಮಾಡುವ ವಿಧಾನವೂ ಬಂದಿದೆ. ಅದನ್ನು ರೂಢಿ ಮಾಡಿಕೊಳ್ಳಿ ಅಂತ ನನ್ನ ಆಸೆ. ಕೈಗೆ ಕೂತ ಅಭ್ಯಾಸ ಬಿಡುವುದು ಸುಲಭವಲ್ಲ, ಅದೂ ಗೊತ್ತು.

"ಇಂಟೆಲ್ ಕಾಲ ಮುಗೀತು" ಅನ್ನುವ ಮಾತನ್ನು ಸ್ವಲ್ಪ ನೋಡೋಣ. ಎಕ್ಸ್86 ಬಿಟ್ಟು ಹೊಸ ದಾರಿ ಹಿಡಿಯಲು ಒಮ್ಮೆ ಇಂಟೆಲ್ ತಾನೇ ಹೊರಟಿತ್ತು. 2001ರಲ್ಲಿ ಇಟಾನಿಯಂ ಎಂಬ ಹೊಸ ವಂಶದ ಚಿಪ್ ತಂದಿತು. ಎಎಂಡಿ 2003ರಲ್ಲಿ ಹಳೆ ಎಕ್ಸ್86ಗೇ 64 ಬಿಟ್ ಜೋಡಿಸಿ ಮಾರಿತು. ಹಳೆ ಸಾಫ್ಟ್‌ವೇರ್ ಹಾಗೇ ಓಡುತ್ತಿತ್ತು, ಜನ ಅದನ್ನೇ ಕೊಂಡರು. ಇಂಟೆಲ್ ಕೂಡ ಅದೇ ದಾರಿಗೆ ಬರಬೇಕಾಯಿತು. ಇಟಾನಿಯಂ 2021ರಲ್ಲಿ ಕೊನೆಗೊಂಡಿತು. ವಿಂಡೋಸ್ ಲೋಕದಲ್ಲಿ ಹಳೆಯದು ಸುಲಭವಾಗಿ ಸಾಯುವುದಿಲ್ಲ. ಇವತ್ತು ಆರ್ಮ್ ವಿಂಡೋಸ್ ಬಂದಿದೆ ನಿಜ, ಆದರೆ ಎಕ್ಸ್86 ವಿಂಡೋಸ್ ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ ಯಾವ ದಿನಾಂಕವನ್ನೂ ಕೊಟ್ಟಿಲ್ಲ. ಎರಡೂ ಜೊತೆಗೆ ಓಡುತ್ತಿವೆ. ಮಗಳ ನಾಲ್ಕು ವರ್ಷದ ಓದಿಗೆ ಎಕ್ಸ್86 ಯಂತ್ರ ಕೊಂಡರೆ ನಡುನೀರಲ್ಲಿ ಕೈಬಿಡುವ ಭಯವಿಲ್ಲ.

ಮ್ಯಾಕ್‌ನ ಕಥೆ ಪೂರ್ತಿ ಬೇರೆ. ಆಪಲ್ ಒಂದು ದಡದಿಂದ ಇನ್ನೊಂದಕ್ಕೆ ಹೋದರೆ ಸೇತುವೆಯನ್ನು ತೆಗೆದುಬಿಡುತ್ತದೆ, ಅದನ್ನು ಮೊದಲೇ ಹೇಳಿ ತೆಗೆಯುತ್ತದೆ. 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಆಗಿನ ಮ್ಯಾಕ್‌ಗಳಲ್ಲಿದ್ದ ಪವರ್‌ಪಿಸಿ ಪ್ರೊಸೆಸರ್ ಬಿಟ್ಟು ಇಂಟೆಲ್‌ಗೆ ಹೋಗುವುದಾಗಿ ಹೇಳಿದರು. 2006ರ ಆಗಸ್ಟ್ ಹೊತ್ತಿಗೆ ಎಲ್ಲ ಮ್ಯಾಕ್‌ಗಳೂ ಇಂಟೆಲ್ ಆದವು. ಮ್ಯಾಕ್‌ನ ಆಪರೇಟಿಂಗ್ ಸಿಸ್ಟಮ್‌ನ 2009ರ ಆವೃತ್ತಿ ಸ್ನೋ ಲೆಪರ್ಡ್ ಪವರ್‌ಪಿಸಿಯಲ್ಲಿ ಓಡಲೇ ಇಲ್ಲ. 2011ರ ಆವೃತ್ತಿ ಲಯನ್‌ನಲ್ಲಿ ಹಳೆ ಸಾಫ್ಟ್‌ವೇರ್‌ಗಿದ್ದ ಅನುವಾದಕವೂ ಹೋಯಿತು. ಈ ಸಲವೂ ಹಾಗೇ. ಇಂಟೆಲ್ ಬಿಟ್ಟು ಆರ್ಮ್‌ಗೆ ಹೋಗುವುದಾಗಿ 2020ರ ಜೂನ್‌ನಲ್ಲಿ ಹೇಳಿದರು, ನವೆಂಬರ್‌ನಲ್ಲಿ ಎಂ1 ಬಂತು, 2023ರ ಜೂನ್‌ನಲ್ಲಿ ಮ್ಯಾಕ್ ಪ್ರೊ ಕೂಡ ಬದಲಾಗಿ ಕೆಲಸ ಮುಗಿಯಿತು. 2025ರಲ್ಲಿ ಬಂದ ಟಾಹೊ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಅಂತ ಆಪಲ್ ಹೇಳಿಯಾಗಿದೆ. ಅದರಲ್ಲೂ ಕೆಲವೇ ಇಂಟೆಲ್ ಮಾದರಿಗಳಿಗೆ ಟಾಹೊ ಸಿಕ್ಕಿತು. ನಿಮ್ಮ ಭಾವಮೈದನ 2019ರ 16 ಇಂಚಿನದು ಆ ಕೆಲವುಗಳಲ್ಲಿ ಒಂದು. ಇನ್ನೊಂದಷ್ಟು ಕಾಲ ಭದ್ರತೆಯ ಅಪ್‌ಡೇಟ್ ಬರುತ್ತದೆ, ಆಮೇಲೆ ಬರುವುದಿಲ್ಲ. ಅವಳ ಓದು ಮುಗಿಯುವ ಮೊದಲೇ ಅದರ ಆಯಸ್ಸು ಮುಗಿಯುತ್ತದೆ.

ಆ ಮ್ಯಾಕ್‌ನಲ್ಲಿ ಇಂಟೆಲ್ ಚಿಪ್ ಇದೆಯಲ್ಲ, ಬೂಟ್ ಕ್ಯಾಂಪ್ ಬಳಸಿ ವಿಂಡೋಸ್ ಹಾಕಿದರೆ ವಿವಾಡೊ ಓಡುವುದಿಲ್ಲವೇ ಅಂತ ಭಾವಮೈದ ಕೇಳಬಹುದು. ಓಡುತ್ತದೆ. ಆದರೆ ಬೂಟ್ ಕ್ಯಾಂಪ್‌ನಲ್ಲಿ ಅಧಿಕೃತವಾಗಿ ಹಾಕಬಹುದಾದದ್ದು ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಒಂದೇ ಯಂತ್ರದಲ್ಲಿ ಎರಡು ಮುಗಿಯುತ್ತಿರುವ ವ್ಯವಸ್ಥೆ. ಬ್ಯಾಟರಿಗೂ ಅಷ್ಟು ವರ್ಷ ವಯಸ್ಸಾಗಿದೆ. ಪ್ರೀತಿಯಿಂದ ಕೊಡುತ್ತಿದ್ದಾರೆ, ಬೇಡ ಅನ್ನಬೇಡಿ. ದೊಡ್ಡ ಪರದೆ, ಒಳ್ಳೆ ಕೀಲಿಮಣೆ. ನಿಮ್ಮ ಪತ್ರ ವ್ಯವಹಾರಕ್ಕೆ, ಮನೆಯವರು ವಿಡಿಯೊ ಕರೆ ಮಾಡುವುದಕ್ಕೆ ಚೆನ್ನಾಗಿರುತ್ತದೆ.

ಹಳೆಯದನ್ನು ಕೊಂಡವರೆಲ್ಲ ಕೆಟ್ಟರು ಅಂತಲೂ ನಾನು ಹೇಳುವುದಿಲ್ಲ. ಮೈಸೂರಿನಲ್ಲಿ ಮುದ್ರಣದ ಕೆಲಸ ಮಾಡುವ ನನ್ನ ಸ್ನೇಹಿತರೊಬ್ಬರು 2006ರ ಆರಂಭದಲ್ಲಿ, ಇಂಟೆಲ್ ಮ್ಯಾಕ್ ಬಂದ ಮೇಲೆ, ಬೇಕೆಂದೇ ಹಳೆ ಪವರ್‌ಪಿಸಿಯ ಪವರ್ ಮ್ಯಾಕ್ ಜಿ5 ಕೊಂಡರು. ಎಲ್ಲರೂ ಬೈದರು, ನಾನೂ ಬೈದೆ. ಅವರ ಕನ್ನಡ ಪುಟವಿನ್ಯಾಸದ ಸಾಫ್ಟ್‌ವೇರ್ ಹಳೆಯ ಮ್ಯಾಕ್ ಓಎಸ್ 9ರದ್ದು. ಅದು ಓಡಬೇಕಾದರೆ ಕ್ಲಾಸಿಕ್ ಅನ್ನುವ ವ್ಯವಸ್ಥೆ ಬೇಕು, ಇಂಟೆಲ್ ಮ್ಯಾಕ್‌ನಲ್ಲಿ ಅದು ಇರಲೇ ಇಲ್ಲ. ಅವರು ತಮ್ಮ ಹಠಮಾರಿಯನ್ನು ಸರಿಯಾಗಿ ಗುರುತಿಸಿದ್ದರು. ಆ ಜಿ5ರ ಮೇಲೆ ಏಳು ವರ್ಷ ಮದುವೆ ಪತ್ರಿಕೆ, ಸ್ಮರಣ ಸಂಚಿಕೆ, ಕವನ ಸಂಕಲನ ಎಲ್ಲ ಹೊರಬಂದವು. ಅದರಲ್ಲಿ ಇಂಟರ್‌ನೆಟ್ ತೆರೆಯುತ್ತಿರಲಿಲ್ಲ, ಅದಕ್ಕೆ ಬೇರೆ ಕಂಪ್ಯೂಟರ್ ಇತ್ತು. ಕೆಲಸ ಬದಲಾಗದವರಿಗೆ ಯಂತ್ರವೂ ಬದಲಾಗಬೇಕಿಲ್ಲ. ನಿಮ್ಮ ಮಗಳ ಕೆಲಸ ಪ್ರತಿ ಸೆಮಿಸ್ಟರ್‌ಗೂ ಬದಲಾಗುತ್ತದೆ.

ಹೊಸದಕ್ಕೆ ಮೊದಲು ಹಾರಿದವರೆಲ್ಲ ಗೆದ್ದರು ಅಂತಲೂ ಇಲ್ಲ. 2006ರ ಜನವರಿಯ ಮೊದಲ ಇಂಟೆಲ್ ಮ್ಯಾಕ್‌ಗಳಲ್ಲಿ ಇದ್ದದ್ದು 32 ಬಿಟ್‌ನ ಕೋರ್ ಡ್ಯುಯೊ. ಐದೇ ವರ್ಷಕ್ಕೆ ಲಯನ್ ಬಂದಾಗ ಅವು ಹೊರಗುಳಿದವು. 2012ರಲ್ಲಿ ಮೈಕ್ರೋಸಾಫ್ಟ್ ಆರ್ಮ್ ಚಿಪ್ ಇಟ್ಟು ಸರ್ಫೇಸ್ ಆರ್‌ಟಿ ತಂದಿತು. ನೋಡಲು ವಿಂಡೋಸ್, ಆದರೆ ಹಳೆ ವಿಂಡೋಸ್ ಪ್ರೋಗ್ರಾಮ್ ಒಂದನ್ನೂ ಹಾಕುವಂತಿರಲಿಲ್ಲ. ಮರುವರ್ಷ ಆ ಲೆಕ್ಕದಲ್ಲಿ ಕಂಪನಿ 90 ಕೋಟಿ ಡಾಲರ್ ನಷ್ಟ ತೋರಿಸಿತು. ಕೊಂಡವರಿಗೆ ವಿಂಡೋಸ್ 10 ಸಿಗಲೇ ಇಲ್ಲ. ಅದೇ 2020ರಲ್ಲಿ ಮೊದಲ ಎಂ1 ಕೊಂಡವರು ಇವತ್ತಿಗೂ ಖುಷಿಯಾಗಿದ್ದಾರೆ. ಮೊದಲೇ ಹೇಳುವುದು ಯಾರಿಗೂ ಆಗುವುದಿಲ್ಲ. ಅದಕ್ಕೇ ಗೆಲ್ಲುವ ಕುದುರೆ ಹುಡುಕಬೇಡಿ ಅನ್ನುವುದು.

ಕಾಯಿರಿ ಅಂದ ಗೆಳೆಯರ ಮಾತಿನಲ್ಲೂ ಒಂದು ಸತ್ಯವಿದೆ. ಆರ್ಮ್ ವಿಂಡೋಸ್ ದಿನದಿನಕ್ಕೆ ಸುಧಾರಿಸುತ್ತಿದೆ. ಸ್ನಾಪ್‌ಡ್ರ್ಯಾಗನ್ ಎಕ್ಸ್‌ನ ಮೊದಲ ಲ್ಯಾಪ್‌ಟಾಪ್‌ಗಳು 2024ರ ಜೂನ್‌ನಲ್ಲಿ ಬಂದಾಗ ಕಂಪ್ಯೂಟರಿಗೆ ಹಾಕಿಕೊಳ್ಳುವ ಗೂಗಲ್ ಡ್ರೈವ್ ಕೂಡ ಅದಕ್ಕೆ ಇರಲಿಲ್ಲ, ಆಮೇಲೆ ಬಂತು. ಹೀಗೆ ಒಂದೊಂದೇ ತೂತು ಮುಚ್ಚುತ್ತಿದೆ. ಆದರೆ ಒಂದು ವರ್ಷ ಲ್ಯಾಪ್‌ಟಾಪ್ ಇಲ್ಲದೆ ಎಂಜಿನಿಯರಿಂಗ್ ಓದುವುದು ಹೇಗೆ?

ಹಾಗಾದರೆ ಆರ್ಮ್ ಯಾರಿಗೆ? ಮಗಳು ಬಿಕಾಂ, ಪತ್ರಿಕೋದ್ಯಮ ಅಥವಾ ಕಾನೂನು ಓದುತ್ತಿದ್ದರೆ ನಾನೇ ಸ್ನಾಪ್‌ಡ್ರ್ಯಾಗನ್ ಕೊಡಿಸಿ ಅನ್ನುತ್ತಿದ್ದೆ. ಬ್ರೌಸರ್, ಆಫೀಸ್, ಜೂಮ್ ಎಲ್ಲ ಆರ್ಮ್‌ಗೆಂದೇ ಬಂದಿವೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಬಿಸಿ ಕಡಿಮೆ. ಕಂಪ್ಯೂಟರ್ ಸೈನ್ಸ್ ಆಗಿದ್ದರೆ ಎಂ ಚಿಪ್‌ನ ಮ್ಯಾಕ್‌ಬುಕ್ ಏರ್ ಬಹಳ ಒಳ್ಳೆಯದು. 2025ರ ಮಾರ್ಚ್‌ನಲ್ಲಿ ಎಂ4 ಏರ್ ಇಲ್ಲಿ 99,900 ರೂಪಾಯಿಗೆ ಬಂತು, ವಿದ್ಯಾರ್ಥಿಗಳಿಗೆ ಸ್ವಲ್ಪ ಕಡಿಮೆ. ಎಂಜಿನಿಯರಿಂಗ್ ಲೆಕ್ಕಗಳಿಗೆ ಬಳಸುವ ಮ್ಯಾಟ್‌ಲ್ಯಾಬ್ ಕೂಡ 2023ರಿಂದ ಆಪಲ್ ಚಿಪ್‌ಗೆಂದೇ ಸಿಗುತ್ತಿದೆ. ಆದರೆ ಆ ಮ್ಯಾಕ್‌ನೊಳಗೆ ಪ್ಯಾರಲಲ್ಸ್ ಬಳಸಿ ವಿಂಡೋಸ್ ಹಾಕಿದರೂ ಬರುವುದು ಆರ್ಮ್ ವಿಂಡೋಸ್. ಎಲೆಕ್ಟ್ರಾನಿಕ್ಸ್‌ನವರು ಸುತ್ತಿ ಬಂದು ಅದೇ ಡ್ರೈವರ್ ಮುಂದೆ ನಿಲ್ಲುತ್ತಾರೆ.

ಇನ್ನು ಅಂಗಡಿಗೆ ಹೋದಾಗ. ಎಐ ಲ್ಯಾಪ್‌ಟಾಪ್ ಅಂತ ಸೂಚಿಸುವ ಕೋಪೈಲಟ್ ಪ್ಲಸ್ ಅನ್ನುವ ಚೀಟಿ ನೋಡಿ ಯಾವುದನ್ನೂ ತೀರ್ಮಾನಿಸಬೇಡಿ. ಅದು ಇಂಟೆಲ್, ಎಎಂಡಿ, ಸ್ನಾಪ್‌ಡ್ರ್ಯಾಗನ್ ಮೂರರ ಮೇಲೂ ಇರುತ್ತದೆ. ಮಾದರಿಯ ಹೆಸರೂ ಸಾಲದು. ಡೆಲ್‌ನ ಎಕ್ಸ್‌ಪಿಎಸ್ 13 ನೋಡಿ, 9345 ಅಂದರೆ ಸ್ನಾಪ್‌ಡ್ರ್ಯಾಗನ್, 9350 ಅಂದರೆ ಇಂಟೆಲ್. ಹೊರಗಿನಿಂದ ಎರಡೂ ಒಂದೇ ಥರ. ಲ್ಯಾಪ್‌ಟಾಪ್ ಆನ್ ಮಾಡಿಸಿ. ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್. ಅಲ್ಲಿ ಸಿಸ್ಟಮ್ ಟೈಪ್ ಅನ್ನುವ ಸಾಲಿನಲ್ಲಿ ಎಕ್ಸ್64 ಅಂತ ಇದ್ದರೆ ನಮಗೆ ಬೇಕಾದದ್ದು, 64 ಬಿಟ್ ಎಕ್ಸ್86ಗೆ ಅದೇ ಹೆಸರು. ಎಆರ್‌ಎಂ ಅಂತ ಇದ್ದರೆ ಅಲ್ಲ.

ಮೆಮೊರಿ 16 ಜಿಬಿಗಿಂತ ಕಡಿಮೆ ಬೇಡ. ವಿವಾಡೊಗೆ ಅದೂ ಬಿಗಿಯೇ. ಹಾಗಾಗಿ ಮುಂದೆ ಮೆಮೊರಿ ಹೆಚ್ಚಿಸಲು ಸ್ಲಾಟ್ ಇರುವ ಮಾದರಿ ಕೇಳಿ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಿ ಬ್ಯಾಟರಿ ಬಹಳ ಚೆನ್ನಾಗಿ ಬರುತ್ತದೆ, ಆದರೆ ಮೆಮೊರಿ ಪ್ರೊಸೆಸರ್ ಜೊತೆಗೇ ಕೂತಿರುತ್ತದೆ, ಆಮೇಲೆ ಸೇರಿಸಲು ಆಗುವುದಿಲ್ಲ. ಅವಳ ಓದಿಗೆ ಬ್ಯಾಟರಿಗಿಂತ ಮೆಮೊರಿ ಮುಖ್ಯ ಅಂತ ನನ್ನ ಲೆಕ್ಕ, ಹಾಸ್ಟೆಲ್ ಕೋಣೆಯಲ್ಲಿ ಪ್ಲಗ್ ಇರುತ್ತದೆ. ಎಸ್‌ಎಸ್‌ಡಿ 512 ಜಿಬಿ ಇರಲಿ. ಆಟಕ್ಕೆಂದು ಇರುವ ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಹಾಕಬೇಡಿ. ಅದೇ ದುಡ್ಡಲ್ಲಿ ಒಂದು ಸಣ್ಣ ಎಫ್‌ಪಿಜಿಎ ಬೋರ್ಡ್ ಕೊಡಿಸಿದರೆ ಅವಳಿಗೆ ಜಾಸ್ತಿ ಉಪಯೋಗ.

ಕೊಳ್ಳುವ ಮೊದಲು ಮಗಳ ಕೈಯಲ್ಲಿ ಕಾಲೇಜಿನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿಸಿ. ಮೂರನೇ ವರ್ಷದವರಾದರೆ ಒಳ್ಳೆಯದು. ಲ್ಯಾಬಿನಲ್ಲಿ ಯಾವ ಬೋರ್ಡ್, ಯಾವ ಸಾಫ್ಟ್‌ವೇರ್ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನಾನು ಹೇಳಿದ್ದಕ್ಕಿಂತ ಅವರು ಹೇಳಿದ್ದು ನಿಮಗೆ ಹತ್ತಿರದ ಮಾಹಿತಿ. ಅಂಗಡಿಗೆ ಹೋಗುವಾಗ ನಿಮ್ಮ ಸಹಿಯ ಟೋಕನ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅಲ್ಲೇ ಚುಚ್ಚಿ, ಅದರ ಸಾಫ್ಟ್‌ವೇರ್ ಹಾಕಿಸಿ, ನಿಮ್ಮ ಹೆಸರಿನ ಸರ್ಟಿಫಿಕೇಟ್ ಪರದೆಯ ಮೇಲೆ ಕಾಣಿಸಿದ ಮೇಲೆ ಬಿಲ್ ಹಾಕಿಸಿ.